ಮಂಜುವಿನ ಕಿವಿಚಿಪ್ಪು

ನನ್ನ ತಂಗಿ ಮಂಜುಳ ಇವತ್ತು ಕಿವುಡಿ. ಅವಳ ಕಿವಿ ಉಳಿಸಬಹುದಾಗಿದ್ದ ವಸ್ತುವೊಂದು ನಮ್ಮ ಮನೆಗೆ ಬಂದಿತ್ತು. ಎರಡು ತಿಂಗಳು ಅವಳು ಅದನ್ನು ಹಾಕಿಕೊಂಡೂ ಇದ್ದಳು. ಅವಳಿಂದ ಅದನ್ನು ತಪ್ಪಿಸಿ ಅಟ್ಟದ ಮೇಲೆ ಬಚ್ಚಿಟ್ಟವಳು ನಾನು. ಮತ್ತೆ ಇಳಿಸಿ ಕೊಡಬೇಕಾಗಿದ್ದವಳೂ ನಾನೇ. ಕೊಡಲಿಲ್ಲ. ಮರೆತುಬಿಟ್ಟೆ ಎಂದು ಬರೆಯಬಹುದಿತ್ತು, ಓದಿದವರು ನಂಬುತ್ತಲೂ ಇದ್ದರು. ನಾನು ಮರೆತಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಆ ಅಟ್ಟದ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ನಮ್ಮ ಊರು ನಗರಗೆರೆಯಿಂದ ಎರಡು ಮೈಲಿ ಒಳಗೆ. ನಾವು ಕುಲದಿಂದ ನೇಕಾರರಲ್ಲ, ಹೊಲ ಉಳುವವರು. ಅಪ್ಪ ಒಮ್ಮೆ ದೊಡ್ಡಬಳ್ಳಾಪುರಕ್ಕೆ ನೆಂಟರ ಮದುವೆಗೆ ಹೋದವನು ಅಲ್ಲಿ ಮನೆಮನೆಯಲ್ಲೂ ಕರೆಂಟಿನ ಮಗ್ಗ ಓಡುವುದನ್ನು ನೋಡಿ ಬಂದ. ಬಂದ ವಾರದಲ್ಲೇ ಪಡಸಾಲೆಗೂ ಕೊಟ್ಟಿಗೆಗೂ ನಡುವೆ ಇದ್ದ ಗೋಡೆ ಒಡೆಸಿದ. ಎತ್ತುಗಳು ಹೋದವು. ಅವು ನಿಲ್ಲುತ್ತಿದ್ದ ಜಾಗದಲ್ಲಿ ಎರಡು, ನಾವು ಮಲಗುತ್ತಿದ್ದ ಜಾಗದಲ್ಲಿ ಎರಡು, ಹೀಗೆ ನಾಲ್ಕು ಮಗ್ಗ ಬಂದು ಕೂತವು. ನಮಗೆ ಉಳಿದದ್ದು ಅಡುಗೆಮನೆ, ದೇವರ ಗೂಡು, ಅಟ್ಟ ಮತ್ತು ಹಿತ್ತಲು. ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿ ಮರದ್ದು, ಎರಡು ತುದಿಗೂ ಕಬ್ಬಿಣದ ಮೂತಿ. ಅದು ಈ ಕಡೆಯಿಂದ ಆ ಕಡೆಗೆ ಹಾರಿ ಮಗ್ಗದ ಅಂಚಿನ ಪೆಟ್ಟಿಗೆಗೆ ಬಡಿದಾಗಲೆಲ್ಲ ಒಂದು ಏಟು. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು. ಅಂಥ ನಾಲ್ಕು ಮಗ್ಗ, ತಗಡಿನ ಸೂರಿನ ಕೆಳಗೆ, ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ. ಅಡುಗೆಮನೆಯ ಹಲಗೆಯ ಮೇಲಿದ್ದ ಬೆಲ್ಲದ ಡಬ್ಬಿ ತನ್ನಷ್ಟಕ್ಕೆ ತಾನೇ ಅಂಚಿಗೆ ಸರಿದು ಬರುತ್ತಿತ್ತು. ಅಮ್ಮ ದಿನಕ್ಕೆರಡು ಸಲ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಪೂಜೆಗೆ ಗಂಟೆ ಅಲ್ಲಾಡಿಸುತ್ತಿದ್ದಳು, ಅದು ಅವಳಿಗೂ ಕೇಳಿಸುತ್ತಿರಲಿಲ್ಲ, ದೇವರಿಗೆ ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಅಪ್ಪ ಮಾತ್ರ ಬಂದವರನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ ಹೇಳುತ್ತಿದ್ದ:

“ಇದು ಸದ್ದಲ್ಲಪ್ಪ, ಲಕ್ಷ್ಮಿ ಕಾಲ್ಗೆಜ್ಜೆ. ಇದು ನಿಂತ್ರೆ ಮನೆ ನಿಂತಂಗೆ.”

ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಲಕ್ಷ್ಮಿಯ ಗೆಜ್ಜೆ ಅಷ್ಟು ಇಂಪಾಗಿದ್ದರೆ ಆ ಮಾತು ಹೇಳಲು ಅಂಗಳಕ್ಕೆ ಯಾಕೆ ಹೋಗಬೇಕಿತ್ತು? ಮಗ್ಗದ ಕೀಲು ಕಿರ್ ಎಂದರೆ ಅವತ್ತೇ ಎಣ್ಣೆ ಬೀಳುತ್ತಿತ್ತು. ಚರ್ಮದ ಪಟ್ಟಿ ಸವೆದರೆ ಅವತ್ತೇ ಗೌರಿಬಿದನೂರಿನಿಂದ ಹೊಸದು ಬರುತ್ತಿತ್ತು. ಮಗಳು ಬಂದು “ಕಿವಿ ಗುಂಯ್ ಅಂತಿದೆ ಅಪ್ಪ” ಎಂದರೆ “ಒಗ್ಗೋಗ್ತದೆ ಕಣಮ್ಮ” ಎನ್ನುವುದೇ ಔಷಧಿ. ಮೀಟರು ನೋಡಲು ಬರುವವರು, ಸಾಲದ ಕಾಗದಕ್ಕೆ ಮಗ್ಗ ಎಣಿಸಲು ಬರುವವರು, ಎಲ್ಲರೂ ಬಾಗಿಲಲ್ಲೇ ಎರಡು ಕಿವಿಗೂ ಬೆರಳಿಟ್ಟುಕೊಂಡು ಇಣುಕುತ್ತಿದ್ದರು. ಐದು ನಿಮಿಷಕ್ಕೆ ಅವರ ತಲೆ ಸಿಡಿಯುತ್ತಿತ್ತು. ಒಳಗೆ ದಿನವಿಡೀ ನಿಂತಿದ್ದ ಎರಡು ಹೆಣ್ಣುಮಕ್ಕಳ ಕಿವಿ ಏನಾಗಬಹುದು ಎಂದು ಒಬ್ಬನೂ ಕೇಳಲಿಲ್ಲ. ಮಜ್ಜಿಗೆ ಕುಡಿದು, ರುಜು ಹಾಕಿಸಿಕೊಂಡು ಹೋಗುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತೆ. ಮೂರು ವರ್ಷದ ಮೇಲೆ ಮಂಜುವೂ ಬಂದಳು. ಮಗ್ಗದ ಮನೆಯಲ್ಲಿ ಯಾರೂ ಯಾರನ್ನೂ ಬಾಯಿಂದ ಕರೆಯುವುದಿಲ್ಲ. ಲಾಳಿಯೊಳಗೆ ನೂಲು ಸುತ್ತಿದ ಒಂದು ಗೇಣುದ್ದದ ಕಡ್ಡಿ ಕೂರುತ್ತದೆ, ಅದಕ್ಕೆ ಕಂಡಿಕೆ ಎನ್ನುತ್ತೇವೆ. ನೂಲು ಮುಗಿದ ಖಾಲಿ ಕಂಡಿಕೆ ಎಸೆಯುವುದೇ ನಮ್ಮ ಕರೆ. ಬೆನ್ನಿಗೆ ಬಿತ್ತೆಂದರೆ ತಿರುಗಿ ನೋಡಬೇಕು. ಆಮೇಲೆ ಕೈ, ತುಟಿ. ಎರಡು ಬೆರಳು ಕತ್ತರಿ ಮಾಡಿದರೆ ಎಳೆ ಹರಿದಿದೆ ಎಂದು. ಅಂಗೈಯಲ್ಲಿ ಅಂಗೈ ಉರುಳಿಸಿದರೆ ಮುದ್ದೆ ಆಗಿದೆ, ಬಾ ಎಂದು. ಮಗ್ಗ ನಿಲ್ಲಿಸಬಾರದಾದ್ದರಿಂದ ಒಬ್ಬೊಬ್ಬರಾಗಿ ಉಣ್ಣುತ್ತಿದ್ದೆವು. ಒಬ್ಬಳು ಸೊಪ್ಪಿನ ಸಾರಲ್ಲಿ ಮುದ್ದೆ ಮುರಿಯುತ್ತಿದ್ದರೆ ಇನ್ನೊಬ್ಬಳು ನಾಲ್ಕು ಮಗ್ಗದ ನಡುವೆ ಓಡಾಡಬೇಕು. ಮಂಜು ನನಗಿಂತ ಚುರುಕು. ಅಪ್ಪ ಬೆನ್ನು ತಿರುಗಿಸಿದರೆ ಸಾಕು, ಮೀಸೆ ತಿರುವುವ ಹಾಗೆ ಬೆರಳಾಡಿಸಿ “ಲಕ್ಷ್ಮಿ ಕಾಲ್ಗೆಜ್ಜೆ” ಎಂದು ತುಟಿಯಲ್ಲೇ ಹೇಳುತ್ತಿದ್ದಳು. ನಾನು ಎಳೆ ಕಟ್ಟುತ್ತಿದ್ದಲ್ಲೇ ನಗು ತಡೆಯಲಾರದೆ ಕೂತುಬಿಡುತ್ತಿದ್ದೆ. ನಮ್ಮ ಜಗಳವೂ ಕಂಡಿಕೆಯಲ್ಲೇ. ಅವಳ ಗುರಿ ತಪ್ಪುತ್ತಿರಲಿಲ್ಲ.

ಇಂಥ ಮನೆಯಲ್ಲಿ ಒಬ್ಬಳ ಕಿವಿ ಮಂದವಾದರೆ ಯಾರಿಗೆ ಗೊತ್ತಾಗಬೇಕು? ಕಂಡಿಕೆ ಬಿದ್ದರೆ ತಿರುಗುತ್ತಾಳೆ, ತುಟಿ ಅಲ್ಲಾಡಿದರೆ ತಿಳಿಯುತ್ತದೆ. ಕರೆಂಟು ಹೋದಾಗ ಮಾತ್ರ ಮನೆಯಲ್ಲಿ ಮಾತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತು, ಹಿತ್ತಲಲ್ಲಿ ಕೋಳಿ ಕೆದಕುವುದೂ ಕೇಳಿಸುತ್ತಿತ್ತು. ಆಗಲೂ ಮಂಜು ಕೂಗಿಯೇ ಮಾತಾಡುತ್ತಿದ್ದಳು.

“ಅಮ್ಮಾ, ಸಾರಿಗೆ ಉಪ್ಪು ಜಾಸ್ತಿ!”

“ಮೆಲ್ಲಗೆ ಹೇಳೇ ತಾಯಿ, ನಗರಗೆರೆ ಬಸ್‌ಸ್ಟ್ಯಾಂಡಿಗೆ ಕೇಳಿಸ್ತು,” ಎನ್ನುತ್ತಿದ್ದಳು ಅಮ್ಮ. ನಾವೆಲ್ಲ ನಗುತ್ತಿದ್ದೆವು. ಮಂಜುವೂ ನಗುತ್ತಿದ್ದಳು. ಒಂದು ದಿನ ಕರೆಂಟಿಲ್ಲದಾಗ ಕುಕ್ಕರು ಮೂರು ಸಲ ಕೂಗಿದ ಮೇಲೆ ಇಳಿಸು ಎಂದು ಅವಳಿಗೆ ಹೇಳಿ ನಾನು ನೀರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವರೆಕಾಳು ಸೀದು ಮನೆಯೆಲ್ಲ ಹೊಗೆ. ಅವಳು ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ನೂಲು ಬಿಡಿಸುತ್ತಿದ್ದಳು.

“ಅದು ಕೂಗೇ ಇಲ್ಲ ಕಣಕ್ಕ, ದೇವ್ರಾಣೆ!”

“ಸುಳ್ಳು ಬೇರೆ ಹೇಳ್ತೀಯಾ, ಮೈಗಳ್ಳಿ!” ಎಂದು ಅವಳ ಜಡೆ ಹಿಡಿದು ಬೆನ್ನಿಗೆ ಗುದ್ದಿದೆ. ಎತ್ತರದ, ಸಣ್ಣ ಸದ್ದುಗಳೇ ಮೊದಲು ಹೋಗುವುದಂತೆ: ಸೀಟಿ, ಬಳೆ, ಹಕ್ಕಿ. ಇದು ನನಗೆ ತಿಳಿದದ್ದು ಈ ವರ್ಷ. ಆ ಏಟು ಅವಳ ಬೆನ್ನಿಗೆ ಬಿದ್ದು ಬಹಳ ಕಾಲವಾಯಿತು.

ಅವಳಿಗೆ ಕಿವಿ ಕೇಳಿಸದಿರುವುದನ್ನು ಕಂಡುಹಿಡಿದವನು ಅಮ್ಮನ ತಮ್ಮ, ನಮ್ಮ ಗಂಗಣ್ಣ ಮಾವ. ಗೌರಿಬಿದನೂರಿನ ಹತ್ತಿರ ಕಬ್ಬಿಣದ ತಗಡು ಕತ್ತರಿಸುವ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಆಯುಧಪೂಜೆಗೆ ಬಂದಿದ್ದ. ಕರೆಂಟು ಇದ್ದೂ ಮಗ್ಗ ನಿಲ್ಲುತ್ತಿದ್ದ ದಿನ ವರ್ಷಕ್ಕೆ ಅದೊಂದೇ. ಮಗ್ಗ ತೊಳೆದು ವಿಭೂತಿ ಬಳಿದು, ಬೂದುಗುಂಬಳ ಒಡೆಯಲು ಸಿದ್ಧ ಮಾಡಿಕೊಂಡಿದ್ದೆವು. ಮಂಜು ಬಾಗಿಲಿಗೆ ಮಾವಿನಸೊಪ್ಪು ಕಟ್ಟುತ್ತಿದ್ದಳು. ಮಾವ ಹಿಂದಿನಿಂದ “ಮಂಜಮ್ಮಾ” ಎಂದ. ಮತ್ತೆ ಕರೆದ. ಮೂರನೇ ಸಲವೂ ಅವಳು ತಿರುಗಲಿಲ್ಲ. ಮಾವ ನಗಲಿಲ್ಲ. ಅಪ್ಪನ ಹತ್ತಿರ ಹೋಗಿ ನಿಂತ.

“ಬಾವ, ಮಗೀಗೆ ಕಿವಿ ಹೋಗ್ತಾ ಐತೆ.”

“ಹೋಗಾಕೆ ಅದೇನು ಹಗ್ಗ ಬಿಚ್ಕೊಂಡ ಎಮ್ಮೇನಾ? ಗ್ಯಾನ ಎಲ್ಲೋ ಇರ್ತದೆ ಅವಳಿಗೆ.”

“ನಮ್ಮ ಕಂಪನೀಲಿ ಮಿಷನ್ ಹತ್ರ ಕಿವಿಗೆ ಹಾಕ್ಕೊಳ್ದೆ ನಿಂತ್ರೆ ಗೇಟಿಂದ ಆಚೆ ಕಳಿಸ್ತಾರೆ. ನಿನ್ನ ಮನೆ ಸದ್ದು ಅದಕ್ಕೇನು ಕಮ್ಮಿ ಇಲ್ಲ.”

“ಅದು ಕಂಪನಿ ಕಣೋ. ಇದು ಮನೆ.”

ಅಪ್ಪನ ಆ ಮಾತಿಗೆ ಆವತ್ತು ನಾವೆಲ್ಲ ತಲೆದೂಗಿದೆವು. ಮನೆ ಎನ್ನುವ ಒಂದು ಹೆಸರು ಇಟ್ಟುಕೊಂಡರೆ ಯಾವ ಕಾನೂನೂ ಹೊಸ್ತಿಲು ದಾಟುವುದಿಲ್ಲ. ಬೇರೆಯವರ ಮಕ್ಕಳಿಗೆ ಮಾಡಲು ಹೆದರುವುದನ್ನು ಸ್ವಂತ ಮಕ್ಕಳಿಗೆ ಮಾಡಬಹುದು.

ಮುಂದಿನ ವಾರ ಮಾವ ತಾನು ಕಾರ್ಖಾನೆಯಲ್ಲಿ ಕಿವಿಗೆ ಹಾಕಿಕೊಳ್ಳುತ್ತಿದ್ದದ್ದನ್ನೇ ತಂದು ಮಂಜುವಿನ ತಲೆಗೆ ಇಟ್ಟ. ಹಳದಿ ಬಣ್ಣದ ಎರಡು ಬಟ್ಟಲು, ಒಳಗೆ ಮೆತ್ತನೆಯ ಸ್ಪಂಜು, ನೆತ್ತಿಯ ಮೇಲೆ ಬಿಲ್ಲಿನಂಥ ಪಟ್ಟಿ. “ಕಿವಿಗೆ ತೆಂಗಿನ ಚಿಪ್ಪು ಕಟ್ಟಿದಂಗೈತೆ” ಎಂದು ಅಮ್ಮ ನಕ್ಕಳು. ಅಲ್ಲಿಂದ ಅದು ಕಿವಿಚಿಪ್ಪು. ಅಪ್ಪ ಸಿಡುಕಿದ. ಮಗ್ಗವನ್ನು ಕಿವಿಯಿಂದಲೇ ನೇಯಬೇಕು, ಕಿವಿ ಮುಚ್ಚಿಕೊಂಡವಳಿಗೆ ಎಳೆ ಹರಿದದ್ದು ಹೇಗೆ ತಿಳಿಯುತ್ತದೆ ಎಂದ. ಮಂಜು ಮಗ್ಗಗಳಿಗೆ ಬೆನ್ನು ಮಾಡಿ ನಿಂತಳು. ಸ್ವಲ್ಪ ಹೊತ್ತಿಗೆ ಮೂರನೇ ಮಗ್ಗದ ಕಡೆ ಬೆರಳು ತೋರಿಸಿದಳು. ಅಪ್ಪ ಹೋಗಿ ನೋಡಿದರೆ ಎಳೆ ಹರಿದಿತ್ತು. ಕರೆಂಟು ಹೋದಾಗ ಅವಳೇ ನನಗೆ ಹೇಳಿದಳು:

“ಇದು ಹಾಕ್ಕೊಂಡ್ರೆ ಸದ್ದು ದೂರದಿಂದ ಬರುತ್ತೆ ಕಣಕ್ಕ. ಯಾವ ಮಗ್ಗ ಕೆಮ್ತು ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ತಲೆ ಒಳಗೆ ಒಂದು ಜೀರುಂಡೆ ಕೂತಿತ್ತಲ್ಲ, ಅದೂ ಸುಮ್ಕಾಗೈತೆ.”

“ನಿಮಗೆಲ್ಲ ಒಂದೊಂದು ತರ್ತೀನಿ ಇರಿ, ಕಂಪನಿ ಸ್ಟೋರಿನವನನ್ನ ಕಾಡಿ ಬೇಡಿ,” ಎಂದಿದ್ದ ಮಾವ.

ಅವಳಿಗೆ ಆಗ ಹದಿನಾರು. ನನಗೆ ಹತ್ತೊಂಬತ್ತು, ಗಂಡು ನೋಡುತ್ತಿದ್ದರು. ಒಂದು ಸಂಬಂಧದವರು ಭಾನುವಾರ ಬರುತ್ತೇವೆಂದು ಹೇಳಿ ಶನಿವಾರವೇ ಬಂದುಬಿಟ್ಟರು. ಮಗ್ಗಗಳು ಓಡುತ್ತಿದ್ದವು. ಹುಡುಗನ ತಾಯಿ ಬಾಗಿಲಲ್ಲಿ ನಿಂತು ಕೂಗಿದ್ದು ಅಪ್ಪನಿಗೆ ಕೇಳಿಸಲಿಲ್ಲ. ಮಂಜು ಕಿವಿಚಿಪ್ಪು ಹಾಕಿಕೊಂಡೇ ಅವರ ಎದುರು ಬಂದು ಕೈಸನ್ನೆಯಲ್ಲಿ “ಯಾರು?” ಎಂದಳು. ಆ ಹೆಂಗಸು ಕಾಫಿ ಕುಡಿಯುತ್ತಾ ಪಕ್ಕದವರ ಕಿವಿಯಲ್ಲಿ ತೆಲುಗಿನಲ್ಲಿ “ಇದಿ ಚೆವಿಟೋಳ್ಳ ಇಲ್ಲು” ಎಂದಳು. ಇದು ಕಿವುಡರ ಮನೆ ಎಂದು. ಅಮ್ಮ ಬಾಗೇಪಲ್ಲಿ ಕಡೆಯವಳು, ತೆಲುಗು ಅವಳ ಹೆತ್ತಮ್ಮನ ಮಾತು, ಆ ಸದ್ದಿನಲ್ಲೂ ತುಟಿ ನೋಡಿಯೇ ತಿಳಿದುಕೊಂಡಿದ್ದಳು. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ಅಳುತ್ತಾ ನನಗೆ ಅದನ್ನು ಹೇಳಿದಳು. ಆ ಸಂಬಂಧ ಮುರಿಯಿತು. ನನಗೆ ಸಿಟ್ಟು ಬಂದದ್ದು ಆ ಹೆಂಗಸಿನ ಮೇಲಲ್ಲ, ಅಪ್ಪನ ಮೇಲೂ ಅಲ್ಲ. ಮಂಜುವಿನ ತಲೆಯ ಮೇಲಿದ್ದ ಹಳದಿ ಬಟ್ಟಲುಗಳ ಮೇಲೆ. ಇದೊಂದು ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದುಕೊಂಡೆ. ಕಿವಿ ಕಾಪಾಡುವ ವಸ್ತು ನನ್ನ ಕಣ್ಣಿಗೆ ಕಿವುಡಿನ ಬೋರ್ಡಿನ ಹಾಗೆ ಕಂಡಿತು.

ಎರಡನೇ ಸಂಬಂಧ ಚಿಂತಾಮಣಿ ತಾಲ್ಲೂಕಿನದು, ಮುರುಗಮಲ್ಲದ ಹತ್ತಿರ. ಅವರು ಬರುವ ಹಿಂದಿನ ಸಂಜೆ ಮಂಜು ಹಿತ್ತಲಲ್ಲಿ ಸ್ನಾನಕ್ಕೆ ಹೋದಾಗ ಗೂಟದಲ್ಲಿ ನೇತಾಡುತ್ತಿದ್ದ ಕಿವಿಚಿಪ್ಪನ್ನು ತೆಗೆದುಕೊಂಡು ಅಟ್ಟ ಹತ್ತಿದೆ. ಅಲ್ಲಿ ಬಿರುಕು ಬಿಟ್ಟ ಹಳೆಯ ಗುಡಾಣವೊಂದಿತ್ತು, ಅದರ ತುಂಬ ಮುರಿದ ಕಂಡಿಕೆಗಳು. ಅವುಗಳ ಅಡಿಯಲ್ಲಿ ತುರುಕಿದೆ. ಎರಡು ದಿನದ ಮಟ್ಟಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬಂದು ಗೂಟ ನೋಡಿದಳು, ನನ್ನನ್ನು ನೋಡಿದಳು.

“ಎಲ್ಲೇ ಅಕ್ಕ?”

“ಮಾವ ಬಂದು ತಗೊಂಡ್ಹೋದ. ಕಂಪನಿಯೋರು ವಾಪಸ್ ಕೇಳಿದ್ರಂತೆ.”

“ನನಗೆ ಒಂದು ಮಾತೂ ಹೇಳ್ದೆನಾ?”

“ನೀನು ಸ್ನಾನಕ್ಕೆ ಹೋಗಿದ್ದೆ.”

ಅವಳ ಮುಖ ಸಣ್ಣಗಾಯಿತು. ಕೊಟ್ಟದ್ದನ್ನು ಕಿತ್ತುಕೊಂಡು ಹೋದವನನ್ನು ಮತ್ತೆ ಕೇಳುವಷ್ಟು ನಾಚಿಕೆಗೆಟ್ಟವಳಲ್ಲ ನಮ್ಮ ಮಂಜು. ನಾನು ಅದನ್ನು ತಿಳಿದೇ ಹೇಳಿದ್ದೆ. ಮರುದಿನ ಅವರು ಬರುವ ಹೊತ್ತಿಗೆ ಮಗ್ಗ ನಿಲ್ಲಿಸಿದ್ದರು. ಬಾಯಿ ಬಿಡಬೇಡ, ತಟ್ಟೆ ಇಟ್ಟು ಒಳಗೆ ಹೋಗು ಎಂದು ಅವಳಿಗೆ ತಾಕೀತು ಮಾಡಿದ್ದೆ. ಅವಳು ನನ್ನ ಒಳ್ಳೆಯದಕ್ಕಾಗಿ ಹಾಗೆಯೇ ಮಾಡಿದಳು. ಮದುವೆ ಗೊತ್ತಾಯಿತು. ಮದುವೆಯ ದಿನ ಮಾವ ಬಂದಾಗ ಮಂಜು ಮುಖ ತಿರುಗಿಸಿ ಹೋದಳು. ಅವನು ಪೆಚ್ಚಾಗಿ ನನ್ನ ಹತ್ತಿರ ಬಂದ.

“ಏನಮ್ಮ ರತ್ನ, ಮಂಜು ಅದನ್ನ ಹಾಕ್ಕೊಳ್ತಾ ಇಲ್ವಾ? ಮನೇಲಿ ಎಲ್ಲೂ ಕಾಣ್ಲಿಲ್ಲ.”

“ತಲೆ ನೋಯುತ್ತೆ ಅಂತಾಳೆ ಮಾವ.”

“ಹಂಗಾರೆ ನಿಮಗೆಲ್ಲ ತಂದು ಏನು ಮಾಡ್ಲಿ ನಾನು. ಸ್ಟೋರಿನವನನ್ನ ಒಪ್ಪಿಸಿದ್ದೆ.”

ಅವನು ಮತ್ತೆ ತರಲಿಲ್ಲ. ಒಂದೇ ಉಸಿರಲ್ಲಿ ಹೇಳಿದ ಆ ಎರಡನೇ ಸುಳ್ಳಿನಿಂದ ಅಪ್ಪ ಅಮ್ಮನಿಗೆ ಬರಬೇಕಿದ್ದದ್ದೂ ಬರಲಿಲ್ಲ. ಬೇರೆ ಮನೆಯಾಗಿದ್ದರೆ ಈ ಸುಳ್ಳು ಒಂದು ವಾರ ಬದುಕುತ್ತಿರಲಿಲ್ಲ. ಯಾರೋ ಮಾತಿಗೆ ಮಾತು ಸೇರಿಸಿ ಕೇಳುತ್ತಿದ್ದರು, ಅದು ಸಿಕ್ಕಿಬೀಳುತ್ತಿತ್ತು. ನಮ್ಮ ಮನೆಯಲ್ಲಿ ಎಳೆ ಹರಿದಿದ್ದಕ್ಕೆ ಸನ್ನೆಯಿತ್ತು, ಮುದ್ದೆಗೆ ಸನ್ನೆಯಿತ್ತು. ನೀನು ಯಾಕೆ ಹೀಗೆ ಮಾಡಿದೆ ಎಂದು ಕೇಳಲು ಸನ್ನೆ ಇರಲಿಲ್ಲ.

ಗಂಡನ ಮನೆಯಲ್ಲಿ ನನಗೆ ಎಲ್ಲವೂ ಕೇಳಿಸುತ್ತಿತ್ತು. ಒಂದೇ ಸದ್ದು ಎಲ್ಲರ ಕಿವಿಯನ್ನೂ ಒಂದೇ ಹಾಗೆ ಕೆಡಿಸುವುದಿಲ್ಲವಂತೆ. ನನ್ನ ಬಳೆಯ ಸದ್ದೇ ನನಗೆ ಹೊಸದಾಗಿತ್ತು. ವರ್ಷದ ಮೇಲೆ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಹೋದಾಗ, ಇವತ್ತು ಕೊಟ್ಟೇಬಿಡುತ್ತೇನೆ ಎಂದು ಅಟ್ಟ ಹತ್ತಿದೆ. ಗುಡಾಣದೊಳಗೆ ಕೈ ಹಾಕಿದೆ. ಇಲಿ ಸ್ಪಂಜನ್ನೆಲ್ಲ ಕಡಿದು ಗೂಡು ಮಾಡಿಕೊಂಡಿತ್ತು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಇನ್ನು ಕೊಡುವ ಹಾಗಿಲ್ಲ, ಆದ್ದರಿಂದ ಹೇಳುವ ಹಾಗೂ ಇಲ್ಲ ಎಂದು. ಅಟ್ಟ ಇಳಿದು ಬಂದು ಹೋಳಿಗೆ ತಟ್ಟಲು ಕೂತೆ. ಎದುರಿಗೆ ಮಂಜು ಮಗ್ಗಗಳ ನಡುವೆ ಓಡಾಡುತ್ತಿದ್ದಳು, ಕಿವಿಗೆ ಹತ್ತಿ ಕೂಡ ಇಲ್ಲದೆ. ಬಚ್ಚಿಟ್ಟದ್ದನ್ನಾದರೂ ಹುಡುಗುಬುದ್ಧಿ ಎನ್ನಬಹುದು. ಆ ಸಮಾಧಾನವನ್ನು ನನ್ನಲ್ಲಿ ನಾನು ಕ್ಷಮಿಸಲಾರೆ. ಗೌರಿಬಿದನೂರಿನಲ್ಲಿ ಕೇಳಿದ್ದರೆ ಹೊಸದು ಸಿಗುತ್ತಿತ್ತು. ನಾನು ಕೇಳಲು ಹೋಗಲಿಲ್ಲ. ಹೊಸದು ತಂದುಕೊಟ್ಟರೆ ಹಳೆಯದರ ಮಾತು ಬರುತ್ತದೆಂದು ಹೆದರಿದೆ.

ಮಂಜುವನ್ನು ನೋಡಲು ಬಂದವರೆಲ್ಲ ಹಿಂದಿರುಗಿ ಹೋದರು. ನನ್ನ ಮದುವೆಗಾಗಿ ಅಡಗಿಸಿದ್ದು ಅವಳ ಮದುವೆಯ ಹೊತ್ತಿಗೆ ಅಡಗಿಸಲಾಗದಷ್ಟು ದೊಡ್ಡದಾಗಿತ್ತು. ಅಪ್ಪ ಅಮ್ಮ ಹೋದ ಮೇಲೆ ಎರಡು ಮಗ್ಗ ಉಳಿಸಿಕೊಂಡು ಅವಳೊಬ್ಬಳೇ ನೇಯುತ್ತಾ ಬಂದಳು. ಸದ್ದು ಕೇಳಿಸದೆ ಹೋದ ಮೇಲೆ ಮಗ್ಗದ ಮರಕ್ಕೆ ಅಂಗೈ ಒತ್ತಿ ಅದರ ನಡುಕದಿಂದ ಎಳೆ ಹರಿದದ್ದನ್ನು ಕಂಡುಹಿಡಿಯುತ್ತಿದ್ದಳು. ಗಂಗಣ್ಣ ಮಾವ ತೀರಿಹೋದಾಗ ನಾನು ಕರೆಯಲು ಹೋದೆ. ಅವಳು ಕದಲಲಿಲ್ಲ.

“ಮಗೂ ಕೈಯಿಂದ ಕಿತ್ಕೊಂಡು ಹೋದೋನ ಮುಖ ನಾನ್ಯಾಕೆ ನೋಡ್ಲಿ?” ಎಂದು ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು. ನಾನೊಬ್ಬಳೇ ಹೋಗಿ ಮಾವನ ಬಾಯಿಗೆ ಅಕ್ಕಿ ಹಾಕಿ ಬಂದೆ. ಆಗಲೂ ನನ್ನ ಬಾಯಿ ತೆರೆಯಲಿಲ್ಲ.

ಈ ವರ್ಷ ಅಂಗವಿಕಲರ ಕಾರ್ಡು ಮಾಡಿಸಲು ಅವಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತು ಎಂದರು. ನಾನು ಹೊರಗಿನಿಂದ ಆ ಬೆರಳನ್ನೇ ನೋಡುತ್ತಿದ್ದೆ. ಮೊಣಕಾಲ ಮೇಲೆ ಬಿದ್ದಿತ್ತು, ಏಳಲಿಲ್ಲ. ಬಹಳ ಹೊತ್ತಿಗೆ ಒಮ್ಮೆ ಎದ್ದಿತು, ಎಡಗಿವಿಗೆ. ಪರೀಕ್ಷೆ ಮುಗಿಸಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಂಜುವಿಗೆ ತುಟಿ ಕಾಣುವಂತೆ ಎದುರಿಗೆ ಕೂತು ನಿಧಾನವಾಗಿ ಕೇಳಿದಳು.

“ಇದು ಹುಟ್ಟಿನಿಂದ ಬಂದಿದ್ದಲ್ಲಮ್ಮ. ಸದ್ದಿನಿಂದ ಆಗಿರೋದು. ಇಷ್ಟು ವರ್ಷ ಮಗ್ಗದ ಹತ್ರ ನಿಂತಿದ್ದೀರಿ, ಕಿವಿಗೆ ಹಾಕ್ಕೊಳಕ್ಕೆ ಯಾರೂ ಏನೂ ಕೊಡ್ಲಿಲ್ವಾ?”

“ನಮ್ಮ ಮಾವ ಕೊಟ್ಟಿದ್ದ ಮೇಡಂ!” ಮಂಜುವಿನ ಗಂಟಲು ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. “ಎರಡು ತಿಂಗಳಿಗೆ ಕಿತ್ಕೊಂಡು ಹೋದ, ಮಾನಗೆಟ್ಟೋನು!”

“ಅಯ್ಯೋ, ಆವಾಗಿಂದ ಹಾಕ್ಕೊಂಡಿದ್ರೆ ಇಷ್ಟು ಹೋಗ್ತಿರ್ಲಿಲ್ಲ,” ಎಂದು ಡಾಕ್ಟರಮ್ಮ ಬರೆಯತೊಡಗಿದಳು.

ಸತ್ತವನು ಬಂದು ಇಲ್ಲ ಎನ್ನಲಾರ. ಇಲ್ಲ ಎನ್ನಬೇಕಾದ ನಾನು ಪಕ್ಕದ ಕುರ್ಚಿಯಲ್ಲಿ ಚೀಟಿ ಹಿಡಿದು ಕೂತಿದ್ದೆ. ಹೊರಗೆ ಹೊಂಗೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ ಎದುರಿಗೆ ನಿಂತೆ. ಸದ್ದಿಲ್ಲದೆ, ತುಟಿಯಲ್ಲೇ ಹೇಳಿದೆ. ಮಾವ ತಗೊಂಡು ಹೋಗಲಿಲ್ಲ, ನಾನು ಅಟ್ಟದಲ್ಲಿ ಬಚ್ಚಿಟ್ಟೆ ಎಂದು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

“ಇನ್ನೊಂದ್ಸಲ ಹೇಳು,” ಎಂದಳು.

ಇನ್ನೊಂದು ಸಲ ಹೇಳಿದೆ. ಮಾವನಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಕಣ್ಣು ಮುಚ್ಚಿಬಿಟ್ಟಳು, ಗಟ್ಟಿಯಾಗಿ, ರೆಪ್ಪೆ ಸುಕ್ಕಾಗುವಷ್ಟು. ತುಟಿ ನೋಡಿ ತಿಳಿಯುವವಳು ಕಣ್ಣು ಮುಚ್ಚಿದರೆ ಜಗತ್ತೇ ಬಾಗಿಲು ಹಾಕಿಕೊಂಡ ಹಾಗೆ. ಭುಜ ಮುಟ್ಟಿದೆ, ಕೈ ಕೊಡವಿದಳು. ಮೊಣಕೈಯಿಂದ ನನ್ನನ್ನು ತಳ್ಳಿದಳು. ಅವಳ ಸಿಟ್ಟು ನ್ಯಾಯವಾದದ್ದು, ಅಲ್ಲಿಂದ ನಾನು ಎದ್ದು ಹೋಗಬಹುದಿತ್ತು. ಇಷ್ಟು ವರ್ಷ ಮಾಡಿದ್ದೂ ಅದನ್ನೇ. ನಾನು ಬೆಂಚಿನ ಮೇಲೆ ಮಂಡಿಯೂರಿ, ಅವಳ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಆ ಒಂದು ಬೆರಳು ಎದ್ದಿದ್ದ ಎಡಗಿವಿಗೆ ಬಾಯಿಟ್ಟು, ಆಸ್ಪತ್ರೆಯ ಮುಂದಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ:

“ಮಂಜೂ! ಮಾವ ಕಳ್ಳ ಅಲ್ಲ ಕಣೇ, ಕಳ್ಳಿ ನಾನು! ನನಗೆ ಗಂಡು ಸಿಗ್ಲಿ ಅಂತ ನಿನ್ನ ಕಿವಿ ಕಳೆದೆ! ಆಮೇಲೂ ಗೊತ್ತಿದ್ದೂ ಸುಮ್ನಿದ್ದೆ! ತಪ್ಪಾಯ್ತು ಕಣೇ ಮಂಜು, ನನ್ನಿಂದ ತಪ್ಪಾಯ್ತು!”